ಬಸ್ಸು ಹೊತ್ತ ಬೆನ್ನು

ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತೆರಡು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ಕಾಲೇಜಿನಲ್ಲಿ ನಾನು ಪಾಠ ಮಾಡಬೇಕಿದ್ದ ಮೊದಲ ಪೀರಿಯಡ್ಡಿಗೆ ತಡವಾಗುತ್ತದೆಂದು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ತಲೆಯೆತ್ತಿದಾಗ ಬಸ್ಸಿನ ಕಿಟಕಿಯಲ್ಲಿ ರಸ್ತೆ ಇರಲಿಲ್ಲ, ರಸ್ತೆಯಂಚಿನ ಹುಲ್ಲೂ ಇರಲಿಲ್ಲ. ಇದ್ದದ್ದು ನಾಲೆಯ ನೀರು ಮಾತ್ರ. ತುಂಬಿಕೊಂಡು, ಸದ್ದಿಲ್ಲದೆ, ಯಾರ ಮೇಲೂ ದ್ವೇಷವಿಲ್ಲದಂತೆ ಹರಿಯುತ್ತಿತ್ತು.

ಪಾಂಡವಪುರದ ಕಡೆಯ ನಮ್ಮೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬಸ್ಸು ಒಂದಷ್ಟು ದೂರ ನಾಲೆಯ ಏರಿಯ ಮೇಲೆಯೇ ಸಾಗಬೇಕು. ಅಂದು ಎದುರಿಗೆ ಕಬ್ಬು ತುಂಬಿದ ಟ್ರಾಕ್ಟರು ಬಂತು, ನಮ್ಮ ಡ್ರೈವರು ಎಡಕ್ಕೆ ಸರಿದುಕೊಂಡರು, ಹಿಂದಿನ ದಿನದ ಮಳೆಗೆ ನೆನೆದಿದ್ದ ಮಣ್ಣು ಚಕ್ರದಡಿಯಲ್ಲಿ ಕುಸಿಯಿತು. ನೀರು ಕುಡಿಯಲು ಕತ್ತು ಬಗ್ಗಿಸಿದ ಎಮ್ಮೆಯಂತೆ ಬಸ್ಸು ನಾಲೆಯ ಕಡೆಗೆ ವಾಲಿ ನಿಂತುಬಿಟ್ಟಿತು.

"ಯಾರೂ ಏಳ್ಬ್ಯಾಡಿ! ಎಲ್ಲಾ ಬಲಗಡೀಕೆ ವಾಲ್ಕಳಿ!" ಎಂದು ಕಂಡಕ್ಟರ್ ಕೂಗಿದ. ವಾಲಿಕೊಂಡೆವು. ಹೆಂಗಸರು, ಗಂಡಸರು, ಕಾಲೇಜು ಹುಡುಗರು, ಒಬ್ಬರ ಮೇಲೊಬ್ಬರು ಒರಗಿ, ಉಸಿರು ಬಿಗಿಹಿಡಿದು. ಬಾಗಿಲು ನಾಲೆಯ ಕಡೆಗಿದ್ದುದರಿಂದ ಡ್ರೈವರ್ ಬದಿಯ ಬಾಗಿಲಲ್ಲೇ ಒಬ್ಬೊಬ್ಬರಾಗಿ ಇಳಿದೆವು. ಆಮೇಲೆ ಅದೇ ಟ್ರಾಕ್ಟರಿಗೆ ಸರಪಳಿ ಕಟ್ಟಿ ಬಸ್ಸನ್ನು ಮೇಲೆಳೆದರು. ಯಾರಿಗೂ ಒಂದು ತರಚುಗಾಯವೂ ಆಗಲಿಲ್ಲ. ನನ್ನ ಪಕ್ಕದ ಸೀಟಿನ ಪುಟ್ಟತಾಯಮ್ಮನಿಗಂತೂ ಬಸ್ಸಿನೊಳಗೆ ಉಳಿದ ತನ್ನ ಸೊಪ್ಪಿನ ಮಂಕರಿಯದೇ ಚಿಂತೆ. "ಬಿರ್ರನೆ ಎಳೀರ್ಲಾ, ದಂಟು ಬಾಡೋಯ್ತದೆ!" ಎಂದು ಏರಿಯ ಮೇಲೆ ನಿಂತು ಗದರುತ್ತಿದ್ದಳು. ಎಲ್ಲರೂ ನಕ್ಕೆವು. ನಕ್ಕ ಮೇಲೆ ಆ ವಿಷಯ ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ಭಾವಿಸಿದೆವು.

ಬೆನ್ನುನೋವು ಬಂದದ್ದು ಅದಾದ ಒಂದು ವಾರಕ್ಕೆ. ಎರಡು ರೆಕ್ಕೆಮೂಳೆಗಳ ನಡುವೆ, ಯಾರೋ ಹೆಬ್ಬೆಟ್ಟಿನಿಂದ ಅದುಮಿ ಹಿಡಿದು ಕೈ ತೆಗೆಯಲು ಮರೆತಂತೆ.

ಬೆನ್ನು ಎಂಬುದು ವಿಚಿತ್ರ ಅಂಗ, ನೋಡಿ. ನಮ್ಮದೇ ಆಗಿದ್ದೂ ನಾವು ಮಾತ್ರ ನೋಡಲಾರೆವು, ಊರಿನವರೆಲ್ಲ ನೋಡಬಲ್ಲರು. ಹೊಟ್ಟೆನೋವು ಬಂದರೆ ನಮ್ಮ ಕೈಯನ್ನೇ ಅದರ ಮೇಲಿಟ್ಟು ಸಮಾಧಾನ ಮಾಡಿಕೊಳ್ಳಬಹುದು, ಮೇಲ್ಬೆನ್ನಿಗೆ ಆ ಭಾಗ್ಯವಿಲ್ಲ. ಅಲ್ಲಿಗೆ ಕೈ ಎಟುಕದಂತೆ ಮಾಡಿದ ಸೃಷ್ಟಿಕರ್ತನ ಉದ್ದೇಶ, ಮನುಷ್ಯ ಒಬ್ಬನೇ ಬದುಕದಿರಲಿ ಎಂದೇ ಇರಬೇಕು. ಬೆನ್ನು ತಟ್ಟುವವರೂ, ಬೆನ್ನಿಗೆ ನಿಲ್ಲುವವರೂ, ಎಣ್ಣೆ ತಿಕ್ಕುವವರೂ ಬೇರೆಯವರೇ ಆಗಬೇಕು. ಕಾರಣ ಹೇಳುವವರೂ ಬೇರೆಯವರೇ.

"ವಾಯು ಕಣಮ್ಮಿ, ಆಲೂಗಡ್ಡೆ ಬುಟ್ಬುಡು," ಎಂದರು ನಮ್ಮತ್ತೆ. "ಆಲೂಗಡ್ಡೆ ಅಲ್ಲ, ಆ ಮೊಬೈಲ್ ಬುಡ್ಲಿ, ಬೆನ್ನೂ ಬುಡ್ತದೆ," ಎಂದರು ಯಜಮಾನರು, ತಮ್ಮ ಮೊಬೈಲಿನಿಂದ ತಲೆಯೆತ್ತದೆ. ಸಹೋದ್ಯೋಗಿಯೊಬ್ಬರು ನನ್ನ ಬ್ಯಾಗಿನ ಮೇಲೆ ಅಪವಾದ ಹೊರಿಸಿದರು. ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ಮೂಳೆಗಳೆಲ್ಲ ಚೆನ್ನಾಗಿವೆಯೆಂದರು. ಯಾವ ಕಡೆ ನೋವು ಎಂದು ಕೇಳಿದಾಗ, "ಬೆಳಿಗ್ಗೆ ಕಾಲೇಜು ತಲುಪುವಾಗ ಎಡಕ್ಕೆ, ಸಂಜೆ ಮನೆ ತಲುಪುವಾಗ ಬಲಕ್ಕೆ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಕೆಲವು ವ್ಯಾಯಾಮಗಳನ್ನು ಹೇಳಿಕೊಟ್ಟರು.

ಹೀಗೆ ಕಾರಣಗಳು ಹೆಚ್ಚಿದಂತೆ ನನ್ನ ಸಂಸಾರದಿಂದ ಒಂದೊಂದೇ ವಸ್ತು ನಿರ್ಗಮಿಸಿತು: ಆಲೂಗಡ್ಡೆ, ಬ್ಯಾಗು, ದಿಂಬು, ಕೊನೆಗೆ ಹಾಸಿಗೆ. ಬದಲಿಗೆ ಎಕ್ಕದೆಲೆಯ ಶಾಖ, ಹರಳೆಣ್ಣೆ, ಬಿಸಿನೀರಿನ ಚೀಲ ಪ್ರವೇಶಿಸಿದವು. ನಿದ್ದೆಯೊಂದು ಬರಲಿಲ್ಲ. ಕಣ್ಣು ಹತ್ತಿದರೆ ಸಾಕು, ಮಂಚವೇ ಒಂದು ಬದಿಗೆ ಸರಿಯುತ್ತಿತ್ತು, ಕಿಟಕಿಯ ತುಂಬ ಹಸಿರು ನೀರು ನಿಲ್ಲುತ್ತಿತ್ತು. ಎದ್ದು ಕೂತರೆ ಬೆನ್ನು ಹಿಡಿದುಕೊಂಡಿರುತ್ತಿತ್ತು. ಕಪ್ಪುಹಲಗೆಯ ಮೇಲಿನ ಸಾಲಿಗೆ ಕೈಯೆತ್ತಲಾಗದೆ ಕೆಳಗಿನ ಅರ್ಧದಲ್ಲೇ ಭೌತಶಾಸ್ತ್ರವನ್ನೆಲ್ಲ ಮುಗಿಸುತ್ತಿದ್ದೆ. ಈ ವರ್ಷದ ಪರೀಕ್ಷೆ ಮುಗಿದೊಡನೆ ಕೆಲಸ ಬಿಡುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಅಳು ಬರುತ್ತಿತ್ತು. ಆ ತರಗತಿಗಳೆಂದರೆ ನನಗೆ ಅಷ್ಟು ಪ್ರೀತಿ.

ಈ ನಡುವೆ ಒಂದು ಪವಾಡ ನಡೆಯಿತು. ಎರಡು ದಿನ ರಜೆಯೆಂದು ಯಜಮಾನರ ಬೈಕಿನಲ್ಲಿ ನಾಗಮಂಗಲದ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಮ್ಮ ಅದೇನೋ ಬೇರು ಹಾಕಿ ಕಾಯಿಸಿದ ಎಣ್ಣೆಯನ್ನು ಬೆನ್ನಿಗೆ ತಿಕ್ಕಿದರು. ಎರಡನೆಯ ದಿನಕ್ಕೆ ನೋವು ಅರ್ಧಕ್ಕರ್ಧ ಇಳಿಯಿತು! ಚಿಕ್ಕಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಒಂದು ಶೀಸೆ ತುಂಬಿಸಿಕೊಂಡು ಬಂದೆ. ಸೋಮವಾರ ಸಂಜೆಗೆಲ್ಲ ನೋವು ಮತ್ತೆ ಹಾಜರ್. "ಅವ್ರೂರ ಎಣ್ಣೆ ನಮ್ಮೂರ್ ನೀರ್ಗೆ ಒಗ್ಗಾಕಿಲ್ಲ," ಎಂದು ಅತ್ತೆ ತೀರ್ಪಿತ್ತರು. ಎಣ್ಣೆ ಅದೇ, ಬೆನ್ನೂ ಅದೇ, ಬದಲಾದದ್ದು ದಾರಿ ಮಾತ್ರ ಎಂಬುದು, ವಿಜ್ಞಾನ ಓದಿದ ನನಗೂ ಹೊಳೆಯಲಿಲ್ಲ.

ಹೊಳೆದದ್ದು ಮರುವಾರ. ಕೆ.ಆರ್. ಪೇಟೆ ಕಡೆಯವರೊಬ್ಬರು, ಅಕ್ಕಿಹೆಬ್ಬಾಳಿನವರಂತೆ, ಮಗಳ ಮನೆಗೆ ಬಂದಿದ್ದವರು, ನಮ್ಮ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಬಸ್ಸು ಏರಿಯ ಮೇಲೆ ಬಂತು. ಆ ತಿರುವು ಬಂತು. ಇದ್ದಕ್ಕಿದ್ದಂತೆ ಹಿಂದಿನಿಂದ ದೊಡ್ಡ ದನಿ:

"ಇದೇನ್ಲಾ ಕಂಡಕ್ಟ್ರೇ, ಜನವೆಲ್ಲ ಒಂದ್ಕಡೀಕೇ ವಾಲ್ಕಂಡವ್ರೆ? ಬಸ್ಸಿಗೇನ್ ವಾಯು ಹೊಡ್ದದಾ?"

ಬೆಚ್ಚಿ ನೋಡಿದೆ. ನಿಜ! ನಾನು ಪುಟ್ಟತಾಯಮ್ಮನ ಮೇಲೆ ಒರಗಿದ್ದೆ, ಪುಟ್ಟತಾಯಮ್ಮ ಸೀಟಿನಿಂದ ಅರ್ಧ ಆಚೆಗಿದ್ದಳು, ಕಾಲೇಜು ಹುಡುಗರ ಸಾಲು ಗಾಳಿಗೆ ಬಾಗಿದ ಕಬ್ಬಿನಂತಿತ್ತು, ಕಂಡಕ್ಟರ್ ಬಲಗಡೆಯ ಕಂಬಿಗೆ ಜೋತುಬಿದ್ದಿದ್ದ. ಎಲ್ಲರ ಹೆಗಲುಗಳೂ ಕಿವಿಗೆ ತಾಗುವಷ್ಟು ಮೇಲೇರಿದ್ದವು. ಅಂದು ಬಸ್ಸಿನಲ್ಲಿದ್ದವರೆಲ್ಲರೂ ದಿನವೂ, ಬೆಳಿಗ್ಗೆ ಬಲಕ್ಕೆ, ಸಂಜೆ ಎಡಕ್ಕೆ, ಒಬ್ಬರಿಗೊಬ್ಬರು ಹೇಳದೆ, ಆ ಬಸ್ಸನ್ನು ನಾಲೆಗೆ ಬೀಳದಂತೆ ಎತ್ತಿ ಹಿಡಿಯುತ್ತಿದ್ದೆವು. ಗುರುತ್ವಕೇಂದ್ರದ ಪಾಠ ಹೇಳುವ ನಾನೂ!

"ಅಯ್ಯೋ, ನೀವೂ ವಾಲ್ತಿದ್ರಾ ಮೇಡಮ್ಮಾ?" ಎಂದಳು ಪುಟ್ಟತಾಯಮ್ಮ. "ನಾನು, ಇವಮ್ಮಂಗೆ ನನ್ ಸೀಟ್ ಮ್ಯಾಲೇ ಕಣ್ಣು ಅನ್ಕಂಡಿದ್ದೆ! ಸೊಂಟ ಬಿದ್ದೋಯ್ತು ನಂದು."

"ನನ್ನ ರಟ್ಟೆ ನೋಡಕ್ಕಾ," ಎಂದ ಕಂಡಕ್ಟರ್. "ಟಿಕೆಟ್ ಹರಿಯಾಕೂ ಆಗಾಕಿಲ್ಲ."

ಡ್ರೈವರ್ ದನಿ ಮುಂದಿನಿಂದ ಬಂತು: "ಬುಡ್ರಪ್ಪ ಎಲ್ಲಾರೂವೆ. ಬಸ್ಸು ನಾನ್ ನೋಡ್ಕತೀನಿ."

ಬಸ್ಸು ಗೊಳ್ಳೆಂದಿತು. ಆಮೇಲೆ ಮೊದಲ ಬಾರಿಗೆ ಆ ದಿನದ ಮಾತು ಆಡಿದೆವು. ಯಾರಿಗೆ ಏನು ಕಂಡಿತು, ಯಾರು ಯಾವ ದೇವರಿಗೆ ಹರಕೆ ಹೊತ್ತರು, ಯಾರು ಯಾರ ಕೈ ಹಿಡಿದಿದ್ದರು. ಮಂಕರಿಯ ಹೆಸರಲ್ಲಿ ತಾನು ಗದರುತ್ತಿದ್ದುದು ತನ್ನ ಭಯವನ್ನೇ ಎಂದು ಪುಟ್ಟತಾಯಮ್ಮ ಹೇಳಿದಳು. ಪಟ್ಟಣ ಬಂದದ್ದೇ ಗೊತ್ತಾಗಲಿಲ್ಲ.

ಭಯ ಹೀಗೆಯೇ ಇರಬೇಕು. ಮನಸ್ಸು ಮುಗಿಯಿತೆಂದು ನಕ್ಕು ಮುಂದೆ ಹೋಗಿಬಿಡುತ್ತದೆ. ಸುದ್ದಿ ಮುಟ್ಟದ ಬಡ ಸ್ನಾಯುಗಳು ಕಾವಲು ಬಿಟ್ಟುಕೊಡುವುದಿಲ್ಲ. ಅವನ್ನು ಗದರಿ ಪ್ರಯೋಜನವಿಲ್ಲ, ಮನೆಗೆ ಹೋಗಿರಪ್ಪಾ ಎಂದು ದಿನವೂ ಹೇಳಬೇಕು. ಅಂದಿನಿಂದ ಆ ತಿರುವಿನಲ್ಲಿ ಹೆಗಲು ಇಳಿಸುವುದು ನಮ್ಮ ಬಸ್ಸಿನ ವ್ರತವಾಯಿತು. ತಿರುವಿಗೆ ಮೊದಲೇ ಕಂಡಕ್ಟರ್ "ಎಗಲ್ ಇಳ್ಸಿ, ಎಗಲ್ ಇಳ್ಸಿ!" ಎಂದು ಸ್ಟಾಪಿನ ಹೆಸರಿನಂತೆ ಕೂಗುವನು. ಡಾಕ್ಟರು ಹೇಳಿದ ವ್ಯಾಯಾಮಗಳನ್ನು ಈಗ ಶ್ರದ್ಧೆಯಿಂದ ಮಾಡಿದೆ. ದಿಂಬನ್ನೂ ಆಲೂಗಡ್ಡೆಯನ್ನೂ ಕ್ಷಮೆ ಕೇಳಿ ಮರಳಿ ಕರೆಸಿಕೊಂಡೆ. ನೋವು ಮುನಿಸಿಕೊಂಡ ನೆಂಟರಂತೆ, ಒಂದೆರಡು ಸಲ ಬಾಗಿಲಿಂದ ಹಿಂತಿರುಗಿ, ನಿಧಾನವಾಗಿ ಹೊರಟಿತು.

ಒಂದು ಶುಕ್ರವಾರ ಕಪ್ಪುಹಲಗೆಯ ತುತ್ತತುದಿಯಲ್ಲಿ ಪಾಠದ ಹೆಸರು ಬರೆದೆ. ಮಕ್ಕಳು ಯಾಕೋ ಚಪ್ಪಾಳೆ ತಟ್ಟಿದರು. ಕೆಲಸ ಬಿಡುವ ಯೋಚನೆ ಆಗಲೇ ಬಿಟ್ಟುಹೋಯಿತು. ಅಂದು ರಾತ್ರಿ ಊಟವಾದೊಡನೆ ಮಲಗಿದವಳು ಕಣ್ಣು ಬಿಟ್ಟಾಗ ಬಿಸಿಲು ಹೊದಿಕೆಯ ಮೇಲಿತ್ತು, ಯಜಮಾನರು ಕೆಂಪು ಕಣ್ಣಿನೊಂದಿಗೆ ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದರು.

"ಯಾಕ್ರೀ?"

"ರಾತ್ರಿಯೆಲ್ಲ ಒಂದ್ಸಲಾನೂ ಏಳ್ಲಿಲ್ವಲ್ಲೇ," ಎಂದರು. "ನಂಗೆಲ್ ನಿದ್ದೆ ಬತ್ತದೆ?"