ಕಾಣಿಕೆ ಮೇಜಿನಿಂದ ಹಳೇಬೀಡಿನ ಬಸ್ಸಿಗೆ

ಅರಸೀಕೆರೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಸುಗ್ಗಿ ಹಬ್ಬವೆಂದರೆ ಬೆಳೆದದ್ದರಲ್ಲಿ ಮೊದಲನೆಯದನ್ನು ದೇವರಿಗೆ ಒಪ್ಪಿಸುವ ಭಾನುವಾರ. ರಾಗಿ, ಕುಂಬಳಕಾಯಿ, ನಾಟಿ ಕೋಳಿ ಎಲ್ಲವೂ ಕಾಣಿಕೆ ಮೇಜಿನ ಸುತ್ತ ಸೇರುತ್ತವೆ. ಆರಾಧನೆ, ಊಟ ಮುಗಿದ ಮೇಲೆ ಆ ಕಾಣಿಕೆಗಳ ಹರಾಜು. ಅಮ್ಮ ತೀರಿಕೊಂಡ ವರ್ಷ ನಾನು ಒಯ್ದದ್ದು ಅವಳೇ ಹಿತ್ತಲಲ್ಲಿ ನೆಟ್ಟ ಮರದ ತೆಂಗಿನಕಾಯಿ.

ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಚಿಕ್ಕಮ್ಮ ಸೆರಗು ಜಗ್ಗಿದರು.

"ಇವತ್ತೇ ಅಕ್ಕಂಗೆ ಫೋನ್ ಮಾಡಿ ತಪ್ಪಾಯ್ತು ಅಂದ್ಬಿಡು. ಕ್ರೈಸ್ತರು ನಾವು, ತಗ್ಗಬೇಕು ಕಣೇ."

ಯಾವ ತಪ್ಪು? ಹಳೇಬೀಡಿನಲ್ಲಿರುವ ನನ್ನ ಅಕ್ಕ, ಅಮ್ಮನ ಕಾಯಿಲೆಯನ್ನು ನಾನು ಮುಚ್ಚಿಟ್ಟೆ, ಕೊನೆಯ ಸಲ ಮುಖ ನೋಡಲೂ ಬಿಡಲಿಲ್ಲ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾನು ಫೋನ್ ಮಾಡಿದ್ದೆ. "ಭಾನುವಾರ ಬತ್ತೀನಿ" ಅಂದಿದ್ದಳು. ಅಮ್ಮ ಶನಿವಾರವೇ ಹೋದಳು.

ತಿಂಗಳುಗಟ್ಟಲೆ ಹಲ್ಲು ಕಚ್ಚಿ ಸುಮ್ಮನಿದ್ದೆ. ಅದನ್ನೇ ಎಲ್ಲರೂ ಕ್ಷಮೆ ಅಂದುಕೊಂಡರು. ನನ್ನೊಳಗೆ ಇದ್ದದ್ದು ಬರೀ ಸಿಟ್ಟು. ಮಾಡದ ತಪ್ಪಿಗೆ ಕ್ಷಮೆ ಕೇಳುವುದು ದೀನತೆ ಎಂದು ಯಾರು ಹೇಳಿದರೋ ನನಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಅದು ಸುಳ್ಳು, ಅದೂ ದೇವರ ಮುಂದೆ ನಿಂತು ಹೇಳುವ ಸುಳ್ಳು.

ಕಾಣಿಕೆ ತಂದಾಗ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸರಿಮಾಡಿಕೊಂಡು ಬಾ ಅಂದವನು ಯೇಸು. ತಪ್ಪು ಮಾಡಿದವರ ಹತ್ತಿರ ಒಬ್ಬಳೇ ಹೋಗಿ ಮುಖಾಮುಖಿ ಹೇಳು ಅಂದವನೂ ಅವನೇ. ನಮ್ಮವರು ಇದನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿರುತ್ತಾರೆ, ಆದರೆ ಯಾರೂ ಬಸ್ ಹತ್ತುವುದಿಲ್ಲ. ನಾನು ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಹಾಡು ನಡೆಯುತ್ತಿರುವಾಗಲೇ ಚಪ್ಪಲಿ ಮೆಟ್ಟಿ ಹೊರಟೆ.

ಸಭೆಯ ಹಿರಿಯರೊಬ್ಬರು ಗೇಟಿನವರೆಗೂ ಓಡಿ ಬಂದರು. "ಏನಮ್ಮಾ, ಸಭೆ ಬಿಟ್ಟು ಹೊಂಟ್ಯಾ?"

"ಬುಟ್ಟಿ ಅಲ್ಲೈತೆ, ಬತ್ತೀನಿ" ಅಂದೆ.

ಹಳೇಬೀಡಿನಲ್ಲಿ ಬಸ್ಸಿಳಿದು ಹೋದಾಗ ಅಕ್ಕ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ಕಾಫಿ ಇಡಲು ಎದ್ದವಳನ್ನು ತಡೆದೆ. ಕಾಫಿ ಕುಡಿದರೆ ಮಾತು ಮೆತ್ತಗಾಗುತ್ತದೆ ಎಂಬ ಭಯ ನನಗೆ.

"ನಾನು ಫೋನ್ ಮಾಡಿದ್ದೆ. ನೀನು ಹೇಳ್ಕೊಂಡು ಬಂದಿದ್ದು ಸುಳ್ಳು. ಅದನ್ನ ಕೇಳಿದೋರ ಮುಂದೇನೇ ನೀನು ನಿಜ ಹೇಳ್ಬೇಕು."

"ನೀನು ಅಷ್ಟು ಒತ್ತಿ ಹೇಳ್ಲಿಲ್ಲ."

"ಹೇಳ್ದೆ. ಉಸಿರಾಡಕ್ಕೂ ಆಗ್ತಿಲ್ಲ ಅಂದೆ."

ಮೊರದೊಳಗಿನ ಅಕ್ಕಿಯನ್ನು ಅವಳ ಬೆರಳು ಸುಮ್ಮನೆ ಕೆದಕುತ್ತಿತ್ತು. ಆಮೇಲೆ ತುಂಬ ಸಣ್ಣ ದನಿಯಲ್ಲಿ ಅಂದಳು, "ಹಂಗಂತ ಒಪ್ಕೊಂಡ್ರೆ ನಾನು ಬರ್ಲೇ ಇಲ್ಲ ಅಂತ ಆಯ್ತದಲ್ಲೇ."

ಹೋಗಲಿ ಬಿಡು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮಾತು ಅವಳನ್ನು ಮತ್ತೆ ಅದೇ ಸುಳ್ಳಿನೊಳಗೆ ಒಬ್ಬಳನ್ನೇ ಬಿಟ್ಟು ಬರುತ್ತಿತ್ತು.

"ಹೌದು ಕಣೇ, ನೀನು ಬರ್ಲಿಲ್ಲ" ಅಂದೆ. ಅಂದು, ಮೊರ ಪಕ್ಕಕ್ಕಿಟ್ಟು ಅವಳ ಕೈ ಹಿಡಿದುಕೊಂಡೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು, ಆದರೂ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು ಅವಳೇ ಸೀರೆ ಬದಲಾಯಿಸಿ ಬಂದಳು.

ಅರಸೀಕೆರೆಗೆ ಬರುವ ಹೊತ್ತಿಗೆ ಹರಾಜು ಮುಗಿಯುತ್ತ ಬಂದಿತ್ತು. ನಾನು ಸಭೆ ಬಿಟ್ಟೆನೆಂಬ ಸುದ್ದಿ ಆಗಲೇ ಎಲ್ಲರ ಬಾಯಲ್ಲಿತ್ತು. ನನ್ನ ತೆಂಗಿನಕಾಯಿಯನ್ನು ಹರಾಜಿನಲ್ಲಿ ಹಿಡಿದದ್ದು ಚಿಕ್ಕಮ್ಮನೇ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಗಸರ ಮಧ್ಯೆ ಕೂತಿದ್ದವರು ನಮ್ಮಿಬ್ಬರನ್ನೂ ನೋಡಿ ಮುಖವರಳಿಸಿದರು.

"ಅಂತೂ ತಪ್ಪಾಯ್ತು ಅಂದ್ಯಲ್ಲ, ಒಳ್ಳೇದಾಯ್ತು" ಅಂದರು ನನಗೆ.

ಅಕ್ಕ ನನ್ನ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಹೋದಳು.

"ಅವಳು ಫೋನ್ ಮಾಡಿದ್ಲು ಚಿಕ್ಕಮ್ಮ. ನಾನೇ ಬರ್ಲಿಲ್ಲ."