ಖಾಲಿ ಹರಿಗೋಲಿನ ಜಾಡು ಹಿಡಿದ ಸುಂಕಲಮ್ಮ

ನಮ್ಮಜ್ಜಿ ಸುಂಕಲಮ್ಮನ ಬಾಯಿಗೆ ಆನೆಗೊಂದಿಯ ಗಂಡಸರೂ ಹೆದರುತ್ತಿದ್ದರು. ಅಜ್ಜ ಹುಚ್ಚೀರಪ್ಪ ಮಾತ್ರ ಹೆದರುತ್ತಿರಲಿಲ್ಲ, ಯಾಕೆಂದರೆ ಪುಣ್ಯಾತ್ಮ ಅರ್ಧ ವಾರ ಮನೆಯಲ್ಲೇ ಇರುತ್ತಿರಲಿಲ್ಲ. ಹರಿಗೋಲು ಹಾಕುವುದು ಅವನ ಕಸುಬು. ತೋಟದವರ ಬಾಳೆಗೊನೆ ತುಂಬಿಕೊಂಡು ತುಂಗಭದ್ರೆಯ ಹರಿವಿನ ಜೊತೆ ಕಂಪ್ಲಿ ಸಂತೆಗೆ ಇಳಿಯುವುದು ಸುಲಭ. ವಾಪಸು ಬರುವುದೇ ಪೀಕಲಾಟ. ಅಷ್ಟು ದೂರ ಹರಿವಿಗೆ ಎದುರಾಗಿ ಹುಟ್ಟು ಹಾಕಲು ಯಾರಪ್ಪನಿಂದಲೂ ಆಗದು. ಹಾಗಾಗಿ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು, ದಂಡೆಯ ಹಾದಿ ಹಿಡಿದು ಇಡೀ ದಿನ ನಡೆಯಬೇಕು. ಎದುರಿನಿಂದ ನೋಡಿದರೆ ಮನುಷ್ಯ ಕಾಣುವುದೇ ಇಲ್ಲ. ದೊಡ್ಡ ತೊಗಲಿನ ಬುಟ್ಟಿ, ಅದರ ಕೆಳಗೆ ಎರಡು ಕಾಲು.

ರಜಾಕಾರರ ಗಲಾಟೆಗೂ ಹತ್ತು ವರ್ಷ ಮೊದಲಿನ ಮಾತು. ಹೊಳೆಗೆ ಹೊಸ ನೀರು ಬಂದ ವಾರ. ಅಜ್ಜ ಬರಬೇಕಾದ ದಿನ ಬರಲಿಲ್ಲ. ಮರುದಿನ ಬೆಳಿಗ್ಗೆ ಚಿಕ್ಕಜಂತಕಲ್ ಕಡೆಯಿಂದ ಎತ್ತು ಹೊಡೆದುಕೊಂಡು ಬಂದ ಶಬ್ಬೀರಸಾಬ ಅಂಗಳದಲ್ಲೇ ನಿಂತು ತೊದಲಿದ.

“ಅಕ್ಕಾ, ನಿನ್ನಿ ಸಂಜಿಕ ಹೊಳ್ಯಾಗ ಖಾಲಿ ಹರಿಗೋಲು ತೇಲಿ ಹೊಂಟಿತ್ತು. ಒಳಗ ಹುಚ್ಚೀರಪ್ಪನ ಹಳದಿ ರುಮಾಲು ಇತ್ತು ನೋಡ್ರಿ. ಮನುಷ್ಯಾ ಇರಲಿಲ್ಲ.”

ಪಕ್ಕದ ಮನೆಯ ಕನಕಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಹಿರಿಯರು ನೀರು ಇಳಿಯಲಿ, ಆಮೇಲೆ ಹುಡುಕೋಣ ಎಂದರು. ಹುಡುಕುವುದು ಏನನ್ನು ಅಂತ ಅಜ್ಜಿಗೆ ತಿಳಿಯಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ಏ ಕನಕವ್ವ, ನನ್ನ ಗಂಡ ಸತ್ತಾನಂತ ನಿನಗ ಯಾರು ಹೇಳ್ಯಾರ? ಅಳೂದಿದ್ರ ನಿನ್ನ ಮನ್ಯಾಗ ಅಳು ಹೋಗು!” ಎಂದವಳೇ ಸೀರೆ ಎತ್ತಿ ಕಟ್ಟಿ ದಂಡೆಯ ಹಾದಿಗೆ ಬಿದ್ದಳು.

ಹಾದಿಯೆಂದರೆ ಹಾದಿಯೇ ಅದು? ಒಂದು ಕಡೆ ಬಂಡೆ ಹತ್ತಬೇಕು, ಇನ್ನೊಂದು ಕಡೆ ಗದ್ದೆಯ ಕೆಸರಲ್ಲಿ ಮೊಣಕಾಲುತನಕ ಹೂತುಕೊಳ್ಳಬೇಕು, ಜಾಲಿಮುಳ್ಳಂತೂ ಕೇಳಲೇಬೇಡಿ. ಅಜ್ಜಿ ನೀರಿಗೆ ಬಾಗಿದ ಪೊದೆಗಳನ್ನೆಲ್ಲ ಇಣುಕಿ ನೋಡಿದಳು. ಏನೂ ಸಿಕ್ಕದಿದ್ದಾಗ ಹಾಯೆನಿಸಿ ಮುಂದಿನ ಪೊದೆಗೆ ಓಡುತ್ತಿದ್ದಳು. ಬಟ್ಟೆ ಒಗೆಯುವವರನ್ನು, ದನ ಕಾಯುವವರನ್ನು ಕೇಳಿದಳು. ಯಾರೂ ಅವನನ್ನು ನೋಡಿರಲಿಲ್ಲ.

ಹೊತ್ತು ವಾಲಿದಾಗ ದೂರದಲ್ಲಿ ಹರಿಗೋಲೊಂದು ನಡೆದು ಬರುವುದು ಕಂಡಿತು. ಓಡಿದಳು. ಹತ್ತಿರವಾಗುತ್ತಲೇ ನಿಂತುಬಿಟ್ಟಳು. ತೊಗಲಿನ ಮೇಲಿನ ತೇಪೆ ಗಂಡನ ಹರಿಗೋಲಿನದೇ; ಕಾಲು ಅವನವಲ್ಲ, ಯಾವನೋ ಕುಳ್ಳನವು. ಸತ್ತವನ ಹರಿಗೋಲನ್ನು ಮನೆಗೆ ಮುಟ್ಟಿಸಲು ಬರುತ್ತಿದ್ದಾರೆ ಎಂದುಕೊಂಡು ಮರಳಲ್ಲೇ ಕುಸಿದಳು.

“ಲೇ ಸುಂಕೀ! ನೀ ಯಾಕ ಇಲ್ಲಿ ಕುಂತಿ?”

ಹರಿಗೋಲಿನ ಹಿಂದಿನಿಂದ ಕೋಲೂರಿ ಕುಂಟುತ್ತಾ ಅಜ್ಜ ಬಂದ. ಕಾಲಿಗೆ ಹೊಕ್ಕ ಮುಳ್ಳು ಕೀಳಲೆಂದು ಹರಿಗೋಲನ್ನು ನೀರಂಚಿಗೆ ಇಳಿಸಿ, ರುಮಾಲು ಬಿಚ್ಚಿ ಅದರೊಳಗೆ ಹಾಕಿ ಕೂತಿದ್ದನಂತೆ. ಏರುತ್ತಿದ್ದ ನೀರು ಎರಡನ್ನೂ ಎತ್ತಿಕೊಂಡು ಹೋಗಿತ್ತು. ಕುಂಟುತ್ತಲೇ ದಂಡೆಗುಂಟ ಬೆನ್ನಟ್ಟಿದ್ದ. ಕೊನೆಗೆ ಚಿಕ್ಕಜಂತಕಲ್ಲಿನ ಅಂಬಿಗ ಅಯ್ಯಪ್ಪ ಅದನ್ನು ಹಿಡಿದು, ಇವನ ಕಾಲು ನೋಡಿ ರಾತ್ರಿ ತನ್ನ ಮನೆಯಲ್ಲೇ ಉಳಿಸಿಕೊಂಡು, ಬೆಳಿಗ್ಗೆ ತಾನೇ ಹೊತ್ತು ಹೊರಟಿದ್ದ.

“ರುಮಾಲು ಒದ್ದಿ ಆಗೇತಿ, ಅಷ್ಟ,” ಎಂದ ಅಜ್ಜ.

“ನಿನ್ನ ರುಮಾಲಿಗೆ ಬೆಂಕಿ ಹತ್ತಲಿ! ಅಲ್ಲಿ ಊರೇ ನಿನಗ ಮಣ್ಣು ಕೊಡಾಕ ಕುಂತೈತಿ!”

ಎರಡು ಗುದ್ದು ಹಾಕಿದಳು. ಆಮೇಲೆ ಅವನ ಮುಖ, ಭುಜ, ಕೈ ಎಲ್ಲ ಸವರಿ ನೋಡಿದಳು. ಮದುವೆಯ ದಿನವೂ ಅಷ್ಟು ಸಂತೋಷ ಆಗಿರಲಿಲ್ಲ ಎಂದು ಅಜ್ಜನ ಎದುರೇ ಹೇಳುತ್ತಿದ್ದಳು.

“ಅಯ್ಯಪ್ಪಣ್ಣ, ಭಾಳ ಉಪಕಾರ ಆತು. ನೀ ಇನ್ನ ಹೊಳ್ಳಿ ಹೋಗು, ಮನ್ಯಾಗ ಹಾದಿ ಕಾಯ್ತಿರ್ತಾರ,” ಎಂದು ಹರಿಗೋಲನ್ನು ತನ್ನ ತಲೆಗೇ ಏರಿಸಿಕೊಂಡಳು. ಹೆಂಗಸು ಹರಿಗೋಲು ಹೊತ್ತದ್ದನ್ನು ಆ ದಂಡೆಯಲ್ಲಿ ಯಾರೂ ಕಂಡಿರಲಿಲ್ಲ. ಮಂದಿ ನಗುತ್ತಾರೆ ಎಂದು ಅಜ್ಜ ಗೊಣಗಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ತೊಗಲಿನೊಳಗಿಂದ ಬಿಕ್ಕುವ ಸದ್ದು ಕೇಳಿತು.

“ಅಳಾಕ ಹತ್ತೀಯೇನ?”

“ಬಾಯಿ ಮುಚ್ಕೊಂಡು ಮುಂದ ನಡಿ. ಇದರಾಗಿಂದ ನನಗ ನೆಲಾ ಅಷ್ಟ ಕಾಣ್ತೈತಿ. ನಿನ್ನ ಕಾಲು ನನ್ನ ಕಣ್ಣಿಗೆ ಬೀಳುವಂಗ ನಡಿ.”