ಚಾಚಾ ನುಡಿಸದ ಮಶಕ

ಕಳೆದ ವಾರ ಅಫಜಲಪುರದ ಸಂತೆಯಲ್ಲಿ ಹಲಗಿ ಮಾಡುವವನೊಬ್ಬ ಚರ್ಮ ಹರವಿಕೊಂಡು ಕೂತಿದ್ದ. ಪಕ್ಕದಲ್ಲೇ ಬೆಲ್ಲದ ಗಾಡಿ. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮಗ್ಗುಲ ಮನೆಯ ಬ್ಯಾಂಡಿನ ಚಾಚಾ ನೆನಪಾದರು. ಅವರ ಮನೆಯ ವಾಸನೆಯೇ ಅದು. ಅವರು ಊದುತ್ತಿದ್ದ ಮಶಕವೆಂಬ ವಾದ್ಯದ ಆಡಿನ ಚರ್ಮದ ಚೀಲಕ್ಕೆ ವಾರಕ್ಕೊಮ್ಮೆ ಬೆಲ್ಲದ ನೀರು ಕುಡಿಸುತ್ತಿದ್ದರು. ಕುಡಿಸದಿದ್ದರೆ ಚರ್ಮ ಬಿರುಸಾಗಿ ಗಾಳಿ ನಿಲ್ಲುವುದಿಲ್ಲವಂತೆ.

ನಿಜಾಮರ ಫೌಜಿನಲ್ಲಿದ್ದ ಅವರ ಅಜ್ಜ ತಂದ ವಾದ್ಯ. ಬಗಲಲ್ಲಿ ಚೀಲ, ಹೆಗಲ ಮೇಲೆ ಮೂರು ಕೊಳವೆ. ಜೇವರ್ಗಿಯಿಂದ ಆಳಂದದವರೆಗೆ ಮದುವೆಯವರು ಆ ಮಶಕ ಬೇಕೆಂದೇ ಚಾಚಾನ ಬ್ಯಾಂಡು ಕರೆಸುತ್ತಿದ್ದರು.

ನಾನು ಆಗಷ್ಟೇ ಮಾಸ್ತರಿಕೆಗೆ ಸೇರಿದ್ದ ಶಾಲೆಗೆ ಸ್ಕಾಟ್ಲೆಂಡಿನ ಒಂದು ಶಾಲೆಯೊಂದಿಗೆ ಪತ್ರದ ಗೆಳೆತನವಿತ್ತು. ಆ ಬೇಸಿಗೆಯಲ್ಲಿ ಅಲ್ಲಿಯ ಇಬ್ಬರು ಶಿಕ್ಷಕರು ಬರುವವರಿದ್ದರು. ಅವರಿಗಾಗಿ ಸ್ಕಾಟಿಷ್, ಕೆಲ್ಟಿಕ್ ಸಂಸ್ಕೃತಿಯ ಎರಡು ದಿನದ ಉತ್ಸವ ಮಾಡುವುದೆಂದು ಶಾಲೆಯ ಮುಖ್ಯಸ್ಥೆ ಹೆಡ್‌ಬಾಯಿ ಠರಾಯಿಸಿ, ಹೊಣೆ ನನ್ನ ಕೊರಳಿಗೆ ಕಟ್ಟಿದರು. ಆ ನಾಡಿನ ಗಂಡಸರು ಚೌಕಳಿ ಲಂಗ ಉಟ್ಟು ಬ್ಯಾಗ್‌ಪೈಪ್ ಎಂಬ ಇಂಥದ್ದೇ ವಾದ್ಯ ನುಡಿಸುತ್ತಾರೆಂದು ತಿಳಿದದ್ದೇ, ಚಾಚಾನನ್ನು ಕೇಳದೆ ಅವರ ಹೆಸರು ಬರೆದುಕೊಟ್ಟೆ. ಕರಪತ್ರವೂ ಅಚ್ಚಾಯಿತು. ಚಾಚಾ ನೋಡಿ ನಕ್ಕರು.

“ಲಂಗ ಯಾಕ ಬೇಕೋ? ನನ್ನ ಲುಂಗಿಗೇ ನಾಕು ನಿರಗಿ ಹಿಡದು ಪಿನ್ನು ಹಾಕ್ರಿ, ಆತು.”

ಮೂರು ದಿನದ ಮೇಲೆ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಎರಡು ವರ್ಷದಿಂದ ಅವರಿಗೆ ದಮ್ಮು. ಚೀಲ ತುಂಬುವಷ್ಟು ಉಸಿರಿಲ್ಲ. ಮದುವೆಗಳಲ್ಲಿ ಬರೀ ಬೆರಳಾಡಿಸುತ್ತಿದ್ದಾರೆ, ಕ್ಲಾರಿನೆಟ್ಟಿನ ಸದ್ದಿನಲ್ಲಿ ಯಾರಿಗೂ ಗೊತ್ತಾಗಿಲ್ಲ. ಇಲ್ಲಿ ಒಬ್ಬರೇ ನುಡಿಸಬೇಕು. ಆಗದು ಅಂದರೆ ಯಾಕೆಂದು ಕೇಳುತ್ತಾರೆ. ಸುದ್ದಿ ಹಬ್ಬಿದರೆ ಬ್ಯಾಂಡಿನಲ್ಲಿ ಜಾಗ ಹೋಗುತ್ತದೆ...

“ನೀನೇ ಹೇಳಿಬಿಡು ಬೇಟಾ, ಮಶಕ ಬ್ಯಾಡಂತ. ಶಾಲಿಯವ್ರೇ ಬ್ಯಾಡಂದ್ರ ನನ್ನ ಹೆಸರು ಉಳಿತದ.”

ಹೇಳುತ್ತೇನೆ ಅಂದೆ. ಹೆಡ್‌ಬಾಯಿಯ ಕೋಣೆಯ ತನಕ ಎರಡು ಸಲ ಹೋದೆ. ಅಚ್ಚಾದದ್ದನ್ನು ಅಳಿಸಿರಿ ಎನ್ನಲು ಹೊಸ ನೌಕರಿಯ ನನಗೆ ಬಾಯಿ ಬರಲಿಲ್ಲ. ಗೋಡೆಯಾಚೆ ಚಾಚಾ ಕೆಮ್ಮುವುದು ಕೇಳಿದರೆ ಹಿತ್ತಲ ಬಾಗಿಲಿನಿಂದ ಮನೆ ಸೇರುತ್ತಿದ್ದೆ.

ಉತ್ಸವಕ್ಕೆ ನಾಲ್ಕು ದಿನವಿರುವಾಗ ಹೆಡ್‌ಬಾಯಿ ನನ್ನನ್ನು ಕರೆದುಕೊಂಡು ತಾಲೀಮು ನೋಡಲು ಚಾಚಾನ ಮನೆಗೇ ಹೊರಟರು. ಚಾಚಾ ಚೀಲ ತಂದು ಮುಂದಿಟ್ಟರು.

“ಇಲಿ ಕಡದಾವ್ರಿ, ಬಾಯಾರ.”

ಗೇಣುದ್ದದ ಸೀಳು. ಬ್ಲೇಡು ಎಳೆದಷ್ಟು ನೆಟ್ಟಗೆ. ಹೆಡ್‌ಬಾಯಿ ನನ್ನ ಮುಖ ನೋಡಿದರು. ಹೌದು, ಈ ಓಣಿಯಲ್ಲಿ ಇಲಿಗಳ ಕಾಟ ಬಹಳ ಎಂದೆ. ಚಾಚಾ ನನ್ನ ಕಡೆ ತಿರುಗಲಿಲ್ಲ.

ಉತ್ಸವದಲ್ಲಿ ಸಿ.ಡಿ. ಹಾಕಿದೆವು. ಚಾಚಾ ಮುಂದಿನ ಸಾಲಿನಲ್ಲೇ ಕೂತಿದ್ದರು. ತೊಡೆಯ ಮೇಲೆ ಬೆರಳುಗಳು ಮಾತ್ರ ಆಡುತ್ತಿದ್ದವು... ಕೊನೆಯವರೆಗೂ ಬ್ಯಾಂಡಿನವರು ಅವರನ್ನು ಉಸ್ತಾದರೆಂದೇ ಮುಂದೆ ನಡೆಸಿದರು. ಅವರು ಹೋಗಿ ಬಹಳ ವರ್ಷವಾಯಿತು.

ಈ ಬೇಸಿಗೆಗೆ ಮತ್ತೆ ಅಂಥದ್ದೇ ಉತ್ಸವದ ಯೋಜನೆ ನಡೆದಿದೆ. ಈಗ ಹೆಡ್‌ಮಾಸ್ತರ ನಾನೇ. ಹೊಸದಾಗಿ ಬಂದ ಮಾಸ್ತರರೊಬ್ಬರು ಮೂರೂ ತಾಲೂಕು ಹುಡುಕಿ, ಮಶಕ ನುಡಿಸುವವರು ಒಬ್ಬರೂ ಉಳಿದಿಲ್ಲವೆಂದರು. ಹಿಂದೊಬ್ಬರಿದ್ದರಂತಲ್ಲ, ಅವರ ವಾದ್ಯ ಏನಾಯಿತು ಎಂದು ಕೇಳಿದರು. ನಿಜ ಹೇಳಿದರೆ ಚಾಚಾನ ಹೆಸರು ಹೋಗುತ್ತದೆ. ಹೇಳದಿದ್ದರೆ ನನ್ನದು ಉಳಿಯುತ್ತದೆ. ಅಂದಿನಂತೆ ಇಲಿಗಳ ಮೇಲೇ ಹಾಕಿದೆ.

ಇಲ್ಲಿಯೂ ಅವರ ಹೆಸರು ಬರೆದಿಲ್ಲ. ಬರೆಯಲಾರೆ.